ಪೋಕರಿನ ಕೈಗಳನ್ನು ಕಲಿಯಲು ಬಾಯಿಪಾಠವೋ, ಎಲೆ ಹಂಚುವುದೋ, ಎಣಿಕೆಯೋ?

ಬದಿಯಡ್ಕದ ನಮ್ಮ ಮನೆಯ ಜಗಲಿಯಲ್ಲಿ ಆಟಿಯ ಮಳೆಗೆ ಇಸ್ಪೀಟು ಹಿಡಿದು ಕುಳಿತರೆ ಆಡುವುದು ಇಪ್ಪತ್ತೆಂಟು ಎಂಬ ಆಟವನ್ನೇ. ಅದರಲ್ಲಿ ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ತಲಾ 1. ರಾಜನಿಗೂ ರಾಣಿಗೂ ಅಂಕವೇ ಇಲ್ಲ. ಗುಲಾಮನೇ ಎಲ್ಲರಿಗಿಂತ ದೊಡ್ಡವನೆಂದು ತಿಳಿದು ಬೆಳೆದ ನಾನು, ಪೋಕರಿನಲ್ಲಿ ಯಾವ ಕೈ, ಅಂದರೆ ಯಾವ ಐದೆಲೆಗಳ ಗುಂಪು, ಯಾವುದನ್ನು ಗೆಲ್ಲುತ್ತದೆ ಎಂಬುದನ್ನು ಕಲಿಯಲು ಈ ಮಳೆಗಾಲದಲ್ಲಿ ಮೂರು ದಾರಿಗಳನ್ನು ಪ್ರಯತ್ನಿಸಿದೆ.

ಮೊದಲನೆಯದು ಬಾಯಿಪಾಠ. ಎಲ್ಲಕ್ಕಿಂತ ದೊಡ್ಡದಾದ ರಾಯಲ್ ಫ್ಲಶ್‌ನಿಂದ ಬರಿಯ ದೊಡ್ಡ ಎಲೆಯವರೆಗಿನ ಪಟ್ಟಿಯನ್ನು ಎರಡೇ ದಿನಗಳಲ್ಲಿ ತಪ್ಪಿಲ್ಲದೆ ಒಪ್ಪಿಸುವಂತಾದೆ. ಆದರೆ ಎಲೆ ಕೈಗೆ ಬಂದೊಡನೆ ಸ್ಟ್ರೇಟ್ (ಸಾಲಾಗಿ ಬರುವ ಐದು ಎಲೆ) ದೊಡ್ಡದೋ ಫ್ಲಶ್ (ಒಂದೇ ಜಾತಿಯ ಐದು ಎಲೆ) ದೊಡ್ಡದೋ ಎಂಬಲ್ಲಿ ಪ್ರತಿ ಸಲವೂ ಎಡವಿದೆ. ಮೂರೆಲೆಯ ತೀನ್ ಪತ್ತಿಯಲ್ಲಿ ಸಾಲು ಎಲೆಗಳು ಒಂದೇ ಜಾತಿಯ ಎಲೆಗಳನ್ನು ಸೋಲಿಸುತ್ತವೆ, ಪೋಕರಿನಲ್ಲಿ ಅದು ತಿರುಗುಮುರುಗು. ಹಳೆಯ ರೂಢಿಯ ಮುಂದೆ ಹೊಸ ಪಟ್ಟಿ ನಿಲ್ಲಲಿಲ್ಲ.

ಆಮೇಲೆ ಭಾವನೊಂದಿಗೆ ಕುಳಿತು, ಹುಣಸೆಬೀಜವನ್ನು ಪಣಕ್ಕಿಟ್ಟು, ಐದೈದು ಎಲೆ ಹಂಚಿ ಕೈಯ ಹೆಸರು ಹೇಳುವ ಅಭ್ಯಾಸಕ್ಕೆ ತೊಡಗಿದೆ. ಇದರಿಂದ ಕಣ್ಣು ಚುರುಕಾಯಿತು: ಎಕ್ಕ, ಎರಡು, ಮೂರು, ನಾಲ್ಕು, ಐದು ಸ್ಟ್ರೇಟ್ ಆಗುತ್ತದೆ, ರಾಣಿ, ರಾಜ, ಎಕ್ಕ, ಎರಡು, ಮೂರು ಆಗುವುದಿಲ್ಲ ಎಂಬುದು ಆಡುತ್ತಲೇ ತಿಳಿಯಿತು. ಆದರೆ ಬರುವ ಕೈಗಳಲ್ಲಿ ಅರ್ಧದಷ್ಟು ಏನೂ ಕೂಡದವು, ಉಳಿದವುಗಳಲ್ಲಿ ಹೆಚ್ಚಿನವು ಒಂದೇ ಜೋಡಿಯವು. ಒಂದು ಇಡೀ ಸಂಜೆ ಕಳೆದರೂ ಫ್ಲಶ್ ಕಾಣಲಿಲ್ಲ. ಕಾಣದ ಕೈಯ ಸ್ಥಾನವನ್ನು ಆಟ ಕಲಿಸುವುದಾದರೂ ಹೇಗೆ?

ನನಗೆ ನಿಜವಾಗಿ ಕೈಹಿಡಿದದ್ದು ಎಣಿಕೆ. 52 ಎಲೆಗಳಿಂದ ಐದನ್ನು ಆರಿಸಲು 25,98,960 ಬಗೆಗಳಿವೆ, ಮತ್ತು ಅಪರೂಪವಾದದ್ದೇ ದೊಡ್ಡದು ಎಂಬುದೊಂದೇ ಪೋಕರಿನ ನಿಯಮ. ಸ್ಟ್ರೇಟಿಗೆ ಹತ್ತು ಸಾಲುಗಳು. ಪ್ರತಿ ಎಲೆಯೂ ನಾಲ್ಕು ಜಾತಿಗಳಲ್ಲಿ ಯಾವುದಾದರೂ ಆಗಬಹುದಾದ್ದರಿಂದ ಒಟ್ಟು 10,240. ಒಂದೇ ಜಾತಿಯ ಹದಿಮೂರು ಎಲೆಗಳಿಂದ ಐದನ್ನು ಆರಿಸುವ ಬಗೆ 1,287, ನಾಲ್ಕು ಜಾತಿಗೆ 5,148. ಎರಡರಲ್ಲೂ ಸೇರಿರುವ 40 ಸ್ಟ್ರೇಟ್ ಫ್ಲಶ್‌ಗಳನ್ನು ಕಳೆದರೆ ಸ್ಟ್ರೇಟ್ 10,200, ಫ್ಲಶ್ 5,108. ಮೂರೆಲೆಗೆ ಇದೇ ಲೆಕ್ಕ ಹಾಕಿದಾಗ ಸಾಲು 720, ಒಂದೇ ಜಾತಿ 1,096 ಬಂತು. ನನ್ನ ಹಳೆಯ ರೂಢಿ ತಪ್ಪಾಗಿರಲಿಲ್ಲ, ಅದು ಮೂರೆಲೆಗೆ ಸರಿಯಾದದ್ದು ಎಂದು ತಿಳಿದ ಕ್ಷಣದಲ್ಲಿ ಆದ ಸಂತೋಷ ದೊಡ್ಡದು.

ಎಣಿಕೆಗೆ ಸಮಯ ಬೇಕು, ಆಟದ ನಡುವೆ ಅದಕ್ಕೆ ಎಡೆಯಿಲ್ಲ. ಆದುದರಿಂದ ಬೇರೆ ಆಟಗಳ ರೂಢಿ ಇರುವವರು ಮೊದಲು ಎಣಿಸಿ, ಬಳಿಕ ಎಲೆ ಹಂಚಿ ಅಭ್ಯಾಸ ಮಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇಸ್ಪೀಟನ್ನೇ ಮುಟ್ಟಿರದ ನನ್ನ ಸೊಸೆ ಮಾತ್ರ ಬರಿಯ ಪಟ್ಟಿಯಿಂದಲೇ ಒಂದು ಸಂಜೆಯಲ್ಲಿ ಎಲ್ಲವನ್ನೂ ಕಲಿತಳು. ಮರೆಯಬೇಕಾದದ್ದು ಅವಳಿಗೆ ಏನೂ ಇರಲಿಲ್ಲ. ನಾನಾದರೋ ಫ್ಲಶ್ ಎದುರು ಫುಲ್ ಹೌಸ್ (ಒಂದೇ ಬೆಲೆಯ ಮೂರು ಎಲೆ, ಜೊತೆಗೆ ಒಂದು ಜೋಡಿ) ಬಂದಾಗ ಈಗಲೂ ಅರೆಗಳಿಗೆ ತಡೆದು, ಅದು ಬರುವ ಬಗೆಗಳಾದ 3,744 ಎಂಬ ಸಂಖ್ಯೆಯನ್ನು ನೆನೆದೇ ಎಲೆ ಇಳಿಸುತ್ತೇನೆ.