ಸ್ಟೀರಿಂಗ್ ರ್ಯಾಕ್ ಹೋಗಿದೆ ಎಂದರೆ ಮೊದಲು ಚಕ್ರ ಎತ್ತಿಸಿ ನೋಡಿ

ಸ್ಟೀರಿಂಗ್ ಕಡೆಯಿಂದ ಸದ್ದು ಬರುವ ಕಾರನ್ನು ಒಂದು ಸುತ್ತು ಓಡಿಸಿ ಬಂದವರೇ ‘ರ್ಯಾಕ್ ಹೋಗಿದೆ, ಬದಲಿಸಬೇಕು’ ಎಂದರೆ ದಯವಿಟ್ಟು ಒಪ್ಪಿಗೆ ಕೊಡಬೇಡಿ. ರ್ಯಾಕ್ ಎಂದರೆ ಸ್ಟೀರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಭಾಗ.

ಸಕಲೇಶಪುರದ ಕಡೆಯ ಮಳೆ, ಕೆಸರು, ಗುಂಡಿಗಳಲ್ಲಿ ಓಡುವ ಸಣ್ಣ ಕಾರು ನಮ್ಮದು. ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಎಡ ಚಕ್ರದ ಬಳಿ ಟಕ್ ಟಕ್ ಎನ್ನುತ್ತಿತ್ತು. ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಗ್ಯಾರೇಜಿನವರು ಚಕ್ರ ಎತ್ತಿ ಪರೀಕ್ಷಿಸದೆಯೇ ರ್ಯಾಕ್ ಅಸೆಂಬ್ಲಿ ಬದಲಿಸಿ, ಅಲೈನ್‌ಮೆಂಟ್ (ಚಕ್ರಗಳ ಕೋನಗಳ ಹೊಂದಿಕೆ) ಸರಿಯಿದೆ ಎಂಬ ಕಾಗದವನ್ನೂ ಭಾರೀ ಬಿಲ್ಲನ್ನೂ ಕೈಗಿಟ್ಟರು. ಮನೆ ತಲುಪುವಷ್ಟರಲ್ಲಿ ಮತ್ತೆ ಅದೇ ಸದ್ದು. ಕೇಳಿದರೆ, ‘ಹೊಸ ರ್ಯಾಕ್ ಸೆಟ್ ಆಗಬೇಕು, ಸ್ವಲ್ಪ ಓಡಿಸಿ.’ ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ, ಏಕೆಂದರೆ ಅದೇ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದಿದ್ದೇವೆ.

ಹಾಸನದ ಹಿರಿಯ ಮೆಕ್ಯಾನಿಕ್ ಒಬ್ಬರು ಮೊದಲು ಎಡ ಚಕ್ರವನ್ನು ನೆಲದಿಂದ ಎತ್ತಿದರು. ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಿಸಿದಾಗ ಚಕ್ರ ಆಡಿತು. ಹುಡುಗನಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿದರು, ಆಗಲೂ ಆಡಿತು. ‘ಚಕ್ರದ ಬೇರಿಂಗ್ ದೋಷ ಆಗಿದ್ದರೆ ಈಗ ಆಡುವುದು ನಿಲ್ಲುತ್ತಿತ್ತು’ ಎಂದು, ಚಕ್ರವನ್ನು ಕೆಳಗಿನಿಂದ ಕಾರಿನ ಚೌಕಟ್ಟಿಗೆ ಹಿಡಿದಿಡುವ ಲೋಯರ್ ಆರ್ಮ್‌ಗೆ ಉದ್ದನೆಯ ಲಿವರ್ ಕೊಟ್ಟು ಮೀಟಿದರು. ಆ ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಕೀಲು, ಅಂದರೆ ಬಾಲ್ ಜಾಯಿಂಟ್, ಕಣ್ಣೆದುರೇ ಎಗರಿತು. ಅದರ ರಬ್ಬರ್ ಬೂಟ್ ಹರಿದು, ಗ್ರೀಸ್ ಇರಬೇಕಾದಲ್ಲಿ ಕೆಂಪು ಕೆಸರೂ ತುಕ್ಕೂ ತುಂಬಿದ್ದವು. ಅದು ಕಳಚಿದ್ದರೆ ಚಕ್ರವೇ ವಾಲಿಬಿಡುತ್ತಿತ್ತು, ಹೊಸ ರ್ಯಾಕ್ ಇದ್ದೂ ಕಾರು ಕೈಗೆ ಸಿಗುತ್ತಿರಲಿಲ್ಲ. ಜಾಯಿಂಟ್ ಸಮೇತ ಲೋಯರ್ ಆರ್ಮ್ ಬದಲಿಸಿದ ಮೇಲೆ ಸದ್ದು ನಿಂತಿತು, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರತೊಡಗಿತು.

ಎತ್ತಿದ ಚಕ್ರವನ್ನು ಎಡಬಲ ಹಿಡಿದು ಅಲುಗಿಸಿದಾಗ ಆಡಿದರೆ ಮೊದಲು ಟೈ ರಾಡ್ ಎಂಡ್ (ರ್ಯಾಕಿನಿಂದ ಚಕ್ರಕ್ಕೆ ಹೋಗುವ ಸರಳಿನ ತುದಿಯ ಕೀಲು) ಕಡೆ ನೋಡಬೇಕು. ಇದೆಲ್ಲಕ್ಕೂ ಹೆಚ್ಚು ಹೊತ್ತು ಬೇಡ; ನಿಮ್ಮನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಲು ಒಪ್ಪದ ಗ್ಯಾರೇಜಿನಿಂದ ಕಾರು ಹೊರಡಿಸಿ. ಅಲೈನ್‌ಮೆಂಟ್ ಕಾಗದವನ್ನೂ ನೆಚ್ಚಬೇಡಿ. ಆ ಯಂತ್ರ ನಿಂತ ಕಾರಿನ ಚಕ್ರದ ಕೋನಗಳನ್ನು ಅಳೆಯುತ್ತದೆಯೇ ಹೊರತು ಸವೆದ ಜಾಯಿಂಟನ್ನು ಹುಡುಕಿಕೊಡುವುದಿಲ್ಲ.

ಕಾರು ಒಂದೇ ಕಡೆ ಎಳೆಯುತ್ತಿದ್ದರೆ ಟೈರಿನ ಗಾಳಿ ನೋಡಿ, ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿಸಿ. ಎಳೆತವೂ ಕಡೆ ಬದಲಿಸಿದರೆ ದೋಷ ಟೈರಿನದು. 80ರಿಂದ 100 ಕಿ.ಮೀ. ವೇಗದಲ್ಲಷ್ಟೇ ಸ್ಟೀರಿಂಗ್ ನಡುಗಿದರೆ ಮೊದಲು ವ್ಹೀಲ್ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಸಮವಾಗಿಸುವ ಕೆಲಸ, ಮಾಡಿಸಿ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ನ ದೀಪ ಹೊತ್ತಿ ಸ್ಟೀರಿಂಗ್ ಭಾರವಾದರೆ ಬ್ಯಾಟರಿ, ಅದರ ಟರ್ಮಿನಲ್‌ಗಳನ್ನು ಪರೀಕ್ಷಿಸದೆ ಸ್ಟೀರಿಂಗ್ ತಿರುಗಿಸಲು ನೆರವಾಗುವ ಮೋಟಾರಿನ ಮಾತೆತ್ತಲು ಬಿಡಬೇಡಿ.

ಹಳೆಯ ರ್ಯಾಕ್ ಕೊಡಿ ಎಂದು ಮೊದಲ ಗ್ಯಾರೇಜಿನಲ್ಲಿ ಕೇಳಿದ್ದಕ್ಕೆ ಗುಜರಿಗೆ ಹೋಯಿತು ಎಂದರು. ಅದು ಕೈಯಲ್ಲಿದ್ದಿದ್ದರೆ ಗ್ರಾಹಕರ ಆಯೋಗದ ಮುಂದೆ ಇಡಬಹುದಿತ್ತು. ಬಿಚ್ಚಿದ ಭಾಗ ನಿಮ್ಮ ಡಿಕ್ಕಿಗೆ ಬರುವ ತನಕ ಹಣ ಕೊಡಬೇಡಿ.