ಕಾರ್ ಒರೆಸೋ ಮೈಕ್ರೋಫೈಬರ್ ಟವೆಲ್: ಮೂರು ವರ್ಷ ಬಳಸಿದ ಮೇಲೆ

ನಾನೇನು ಡಿಟೇಲಿಂಗ್, ಅಂದ್ರೆ ಕಾರನ್ನ ಮೂಲೆಮೂಲೆ ಬಿಡದೆ ತಿಕ್ಕಿ ಹೊಳಪು ಕೊಡೋ ಕೆಲಸ, ಗೊತ್ತಿರೋನಲ್ಲ, ಭಾನುವಾರ ಬೆಳಗ್ಗೆ ಕಾಫಿ ಕುಡಿದು ಬೇಸ್ಮೆಂಟಿಗೆ ಇಳಿದು ಕಾರ್ ತೊಳೆಯೋ ಸಾಮಾನ್ಯ ಮನುಷ್ಯ. 2022ರ ಆಯುಧಪೂಜೆ ಹೊತ್ತಿಗೆ ಕಪ್ಪು ಹ್ಯಾಚ್‌ಬ್ಯಾಕ್ ಕಾರ್ ತಗೊಂಡೆ. ಕಪ್ಪು ಬೇಡ, ಮೇಂಟೇನ್ ಮಾಡಕ್ಕಾಗಲ್ಲ ಅಂತ ಕಂಡಕಂಡೋರೆಲ್ಲ ಹೇಳಿದ್ರು, ಕೇಳ್ಲಿಲ್ಲ. ಆರು ತಿಂಗಳಾದ್ಮೇಲೆ ಒಂದಿನ ರಾತ್ರಿ ಪೆಟ್ರೋಲ್ ಬಂಕಲ್ಲಿ ನಿಂತಿದ್ದೆ, ಮೇಲಿನ ಎಲ್‌ಇಡಿ ಲೈಟು ಬಾನೆಟ್ ಮೇಲೆ ಬಿದ್ದಿತ್ತು, ನೋಡಿದ್ರೆ ಲೈಟಿನ ಸುತ್ತ ಜೇಡರಬಲೆ ಹೆಣೆದಂಗೆ ಸಣ್ಣ ಸಣ್ಣ ಗೆರೆ. ಸ್ವರ್ಲ್ ಮಾರ್ಕ್ ಅಂತಾರಲ್ಲ, ಅದು. ಯಾರೂ ಬೇಕಂತ ಗೀಚಿದ್ದಲ್ಲ, ದಿನಾ ಬೆಳಗ್ಗೆ ಒಂದೇ ಬಕೆಟ್ ನೀರಲ್ಲಿ ಹತ್ತು ಕಾರ್ ಒರೆಸೋ ಹಳದಿ ಬಟ್ಟೆಯ ಕೆಲಸ. ಬಟ್ಟೇಲಿ ಸಿಕ್ಕಿಕೊಂಡ ಮರಳು ಪೇಂಟ್ ಮೇಲೆ ಓಡಾಡ್ತಾ ಇರತ್ತೆ ಅಷ್ಟೇ. ಒರೆಸೋರದ್ದೇನೂ ತಪ್ಪಿಲ್ಲ, ತಿಂಗಳಿಗೆ ಕೊಡೋ ದುಡ್ಡಿಗೆ ಇನ್ನೇನು ಮಾಡಕ್ಕಾಗತ್ತೆ. ಅವತ್ತಿಂದ ಬೇರೆಯವರ ಕೈಯಲ್ಲಿ ಒರೆಸೋದು ನಿಲ್ಲಿಸಿ ನಾನೇ ಟವೆಲ್ ಹುಡುಕಕ್ಕೆ ಶುರು ಮಾಡ್ದೆ.

ಮೊದಲನೇ ತಪ್ಪು ಬೆಂಗಳೂರಿನ ಜೆಸಿ ರೋಡಲ್ಲಿ ಆಯ್ತು. ಸೀಟ್ ಕವರ್ ನೋಡಕ್ಕೆ ಹೋದವನು, ಅಂಗಡಿಯವರು "ತಗೊಳ್ಳಿ ಸಾರ್, ಎಂಟ್ನೂರು ಜಿಎಸ್ಎಂ, ಹೆವಿ ಕ್ವಾಲಿಟಿ" ಅಂದ್ರು ಅಂತ 40ಕ್ಕೆ 40 ಸೆಂಟಿಮೀಟರಿನ ನಾಲ್ಕು ಟವೆಲ್ಲಿನ ಪ್ಯಾಕ್ ಎತ್ಕೊಂಡು ಬಂದೆ. ಮನೇಲಿ ಒಂದೆರಡು ಸಲ ಬಳಸಿದ ಮೇಲೆ ಡೌಟ್ ಬಂತು, ಎಂಟ್ನೂರು ಅಂದ್ರೆ ಇಷ್ಟು ತೆಳ್ಳಗಿರತ್ತಾ ಅಂತ. ಜಿಎಸ್ಎಂ ಅಂದ್ರೆ ದೊಡ್ಡ ಗುಟ್ಟೇನಲ್ಲ, ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗತ್ತೆ ಅನ್ನೋದು. 40ಕ್ಕೆ 40 ಅಂದ್ರೆ 0.16 ಚದರ ಮೀಟರ್, 800ರಿಂದ ಗುಣಿಸಿದ್ರೆ 128 ಗ್ರಾಂ ಬರಬೇಕು. ಹೆಂಡತಿ ಕೇಕ್ ಮಾಡಕ್ಕೆ ಇಟ್ಕೊಂಡಿರೋ ಅಡುಗೆಮನೆ ತಕ್ಕಡೀಲಿಟ್ಟೆ, 58 ಗ್ರಾಂ. ಅಂದ್ರೆ ಸುಮಾರು 360 ಜಿಎಸ್ಎಂ. ಅಲ್ಲಿಂದ ಯಾವ ಟವೆಲ್ ಬಂದ್ರೂ ಮೊದಲು ತಕ್ಕಡಿ, ಆಮೇಲೆ ಕಾರು.

ಹಂಗಂತ 360 ಕೆಟ್ಟದ್ದೇನಲ್ಲ ಮತ್ತೆ. ಆ ನಾಲ್ಕರಲ್ಲಿ ಎರಡು ಇವತ್ತಿಗೂ ಇದಾವೆ, ಡ್ಯಾಶ್‌ಬೋರ್ಡಿಗೆ, ಡೋರ್ ಒಳಗಿನ ಅಂಚಿಗೆ ಚೆನ್ನಾಗಿಯೇ ಆಗತ್ತೆ. ಇಡೀ ಕಾರಿನ ನೀರು ತೆಗೆಯಕ್ಕೆ ಮಾತ್ರ ಆಗಲ್ಲ, ರೂಫ್ ಮುಗಿಯೋಷ್ಟರಲ್ಲಿ ತೊಪ್ಪೆ ಆಗಿರತ್ತೆ, ಹಿಂಡು, ಒರೆಸು, ಹಿಂಡು, ಒರೆಸು.

ಈ ಸಿಟ್ಟಲ್ಲಿ ಎರಡನೇ ತಪ್ಪು ಮಾಡ್ದೆ, ಸೀದಾ ಆ ಕಡೆ ತುದಿಗೆ ಹೋದೆ. 60ಕ್ಕೆ 90 ಸೈಜು, 1200 ಜಿಎಸ್ಎಂ, ಆನ್‌ಲೈನಲ್ಲಿ ಎಂಟ್ನೂರು ಚಿಲ್ಲರೆ. ಊರಿಂದ ಬಂದಿದ್ದ ಅಪ್ಪ ಪಾರ್ಸಲ್ ಬಿಚ್ಚೋದು ನೋಡ್ತಾ ಕೂತಿದ್ರು. "ಏನೋ ಇದು, ಕಾರ್ ಒರೆಸಕ್ಕೆ ಎಂಟ್ನೂರು ರೂಪಾಯಿದಾ? ನಾನು ಮೈ ಒರೆಸ್ಕೊಳ್ಳೋದೇ ನೂರಿಪ್ಪತ್ತರದ್ದು" ಅಂದ್ರು. ತೂಕ ಹಾಕ್ದೆ, 610 ಗ್ರಾಂ ಬಂತು, ಲೆಕ್ಕದ ಪ್ರಕಾರ 648 ಇರಬೇಕಿತ್ತು, ಪರವಾಗಿಲ್ಲ, ಇದು ನಿಜವಾದ ಸರಕು. ಕೆಲಸಾನೂ ಜೋರು, ಬಾನೆಟ್ ಮೇಲೆ ಹಾಸಿ ಎರಡು ಮೂಲೆ ಹಿಡಿದು ನಿಧಾನಕ್ಕೆ ಎಳೆದ್ರೆ ಹಿಂದೆ ಒಂದು ಹನಿ ಉಳಿಯಲ್ಲ. ಮೊದಲ ಭಾನುವಾರ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಪಕ್ಕದ ಪಾರ್ಕಿಂಗಿನವರ ಕಾರನ್ನೂ ಒರೆಸಿಕೊಡ್ಲಾ ಅಂತ ಕೇಳೋನಿದ್ದೆ.

ತಲೆನೋವು ಆಮೇಲಿಂದು. ಒದ್ದೆಯಾದ್ಮೇಲೆ ಅದನ್ನ ಎತ್ತೋದೇ ಒಂದು ವ್ಯಾಯಾಮ, ಡೋರ್ ಕಡೆ ಒರೆಸುವಾಗ ಕೈಯಿಂದ ಜಾರಿ ತುದಿ ನೆಲಕ್ಕೆ ತಾಗತ್ತೆ, ನೆಲಕ್ಕೆ ತಾಗಿದ ಟವೆಲ್ ಮತ್ತೆ ಪೇಂಟಿಗೆ ತಾಗಿಸಂಗಿಲ್ಲ, ಮರಳು ಹತ್ತಿರತ್ತೆ. ಇನ್ನು ಒಣಗೋ ಕಥೆ ಕೇಳಲೇಬೇಡಿ, ಜುಲೈ ತಿಂಗಳ ಜಡಿಮಳೇಲಿ ಬಾಲ್ಕನಿಯಲ್ಲಿ ಮೂರು ದಿನ ನೇತಾಡಿ ನಾಲ್ಕನೇ ದಿನ ಮುಗ್ಗಲು ವಾಸನೆ ಹೊಡೀತಿತ್ತು.

ಒಂದಿನ ಸುಮ್ಮನೆ ಕುತೂಹಲಕ್ಕೆ ಕಾರ್ ಪೂರ್ತಿ ಒರೆಸಿದ ಮೇಲೆ ಅದೇ ಒದ್ದೆ ಟವೆಲ್ ತೂಗಿದೆ. 1 ಕೆಜಿ 150 ಗ್ರಾಂ. ಒಣಗಿದ್ದಾಗ 610, ಅಂದ್ರೆ ಇಡೀ ಕಾರ್ ಮೇಲಿದ್ದ ನೀರು ಬರೀ 540 ಎಂಎಲ್, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ಸ್ವಲ್ಪ ಜಾಸ್ತಿ. ಇಷ್ಟು ನೀರಿಗೆ 1200 ಜಿಎಸ್ಎಂ ಯಾಕೆ ಬೇಕು? ನಂಗೆ ಆಗ ಹೊಳೀತು, ನಾನು ತಗೊಂಡಿದ್ದು ಟವೆಲ್ ಅಲ್ಲ, ಪ್ಯಾಕೆಟ್ ಮೇಲಿನ ನಂಬರ್ ಅಂತ. ದೊಡ್ಡ ಎಸ್‌ಯುವಿ ಇರೋರಿಗೆ ಬೇಕಾಗಬಹುದು, ಹ್ಯಾಚ್‌ಬ್ಯಾಕಿಗೆ ದಂಡ.

ಈಗ ಎರಡು ವರ್ಷದಿಂದ ಕೈಗೆ ಕೂತಿರೋದು ಟ್ವಿಸ್ಟ್ ಲೂಪ್ ಟವೆಲ್, 50ಕ್ಕೆ 80, ಸುಮಾರು 600 ಜಿಎಸ್ಎಂ, ತಕ್ಕಡೀಲಿ 236 ಗ್ರಾಂ. ನೋಡಕ್ಕೆ ಶ್ಯಾವಿಗೆ ಅಂಟಿಸಿದಂಗೆ ಇರತ್ತೆ, ಹುರಿಮಾಡಿದ ದಾರದ ಸಣ್ಣ ಸಣ್ಣ ಕುಣಿಕೆ ಸಾಲುಸಾಲಾಗಿ. ದಟ್ಟ ಜುಂಗಿನ ಪ್ಲಶ್ ಟವೆಲ್ ಥರ ಗಾಜಿಗೆ ಕಚ್ಚಿಕೊಂಡು ಎಳೆಯಲ್ಲ, ಜಾರಿಕೊಂಡು ಹೋಗತ್ತೆ, ನೀರು ಮಾತ್ರ ಸುರ್ ಅಂತ ಒಳಗೆ. ಹಿಂಡಿದ್ರೆ ಬೇಗ ಬಿಡತ್ತೆ, ಫ್ಯಾನ್ ಕೆಳಗೆ ಹಾಕಿದ್ರೆ ರಾತ್ರಿ ಕಳೆಯೋದ್ರಲ್ಲಿ ಒಣಗಿರತ್ತೆ.

ಇದರ ದೌರ್ಬಲ್ಯ ಒಂದೇ, ಆ ಕುಣಿಕೆಗಳು ಕಂಡಿದ್ದಕ್ಕೆಲ್ಲ ಸಿಕ್ಕಿಕೊಳ್ತವೆ. ಹಿಂದಿನ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಲಾಕ್ ಇದೆಯಲ್ಲ, ಅದಕ್ಕೆ ಒಂದ್ಸಲ ಸಿಕ್ಕಿ ಅರ್ಧ ಅಡಿ ದಾರ ಈಚೆ ಬಂತು. ಎಳೆದ್ರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳತ್ತೆ, ಕತ್ತರಿ ತಗೊಂಡು ಬುಡಕ್ಕೆ ಕಟ್ ಮಾಡಿ ಸುಮ್ಮನಾಗಬೇಕು. ವೈಪರ್, ನಂಬರ್ ಪ್ಲೇಟ್, ಲೋಗೋ ಇಂಥ ಕಡೆಗೆ ನಾನೀಗ ಆ ಜೆಸಿ ರೋಡ್ ಟವೆಲ್ಲನ್ನೇ ಬಳಸೋದು. ಕೈಯಲ್ಲಿ ಉಂಗುರ ಇದ್ರೆ ಅದನ್ನೂ ತೆಗೆದಿಡಿ.

ಗಾಜಿಗೆ ಮಾತ್ರ ವಾಫಲ್, ಚೌಕ ಚೌಕ ಗುಳಿ ಇರೋದು. ಟ್ವಿಸ್ಟ್ ಲೂಪಲ್ಲಿ ವಿಂಡ್‌ಶೀಲ್ಡ್ ಒರೆಸಿದ್ರೆ ಬಿಸಿಲಲ್ಲಿ ಗೆರೆಗೆರೆ ಕಾಣತ್ತೆ, ವಾಫಲಲ್ಲಿ ಹಂಗಾಗಿಲ್ಲ. ಪಿವಿಎ ಚಾಮಿ ಅಂತ ಪ್ಲಾಸ್ಟಿಕ್ ಡಬ್ಬೀಲಿ ಹಳದಿಯೋ ನೀಲಿಯೋ ಬಣ್ಣದ್ದು ಬರತ್ತಲ್ಲ, ಅದನ್ನೂ ನೋಡಾಯ್ತು. ಒಣಗಿದ್ರೆ ಹಪ್ಪಳ, ಒದ್ದೆ ಮಾಡಿದ್ರೆ ಮೀನಿನ ಚರ್ಮ. ನೀರೇನೋ ಚೆನ್ನಾಗಿ ಹೀರತ್ತೆ, ಆದ್ರೆ ಮೇಲ್ಮೈ ನುಣ್ಣಗಿರೋದ್ರಿಂದ ಒಂದು ಕಾಳು ಮರಳು ಸಿಕ್ಕಿದ್ರೂ ಅದು ಒಳಗೆ ಹೋಗಕ್ಕೆ ಜಾಗ ಇಲ್ಲ, ಪೇಂಟಿಗೂ ಚಾಮಿಗೂ ಮಧ್ಯೆ ಉಜ್ಜುತ್ತೆ. ಬಿಳೀ ಕಾರಿದ್ದೋರಿಗೆ ಕಾಣಲ್ಲ, ನಂಗೆ ಕಾಣತ್ತೆ.

ತಗೊಳ್ಳೋವಾಗ ನಾನು ನೋಡೋದು ಇಷ್ಟು. ಲೇಬಲಲ್ಲಿ ಪಾಲಿಯೆಸ್ಟರ್ ಎಷ್ಟು ಪಾಲಿಅಮೈಡ್ ಎಷ್ಟು ಅಂತ ಬರೆದಿರಬೇಕು, 80-20 ಅಥವಾ 70-30 ಇರತ್ತೆ ಸಾಮಾನ್ಯವಾಗಿ, ಪಾಲಿಅಮೈಡ್ ಅಂದ್ರೆ ನೈಲಾನ್, ನೀರಿನ ಜೊತೆ ಹೊಂದಿಕೊಳ್ಳೋದು ಅದೇ. 100% ಪಾಲಿಯೆಸ್ಟರ್ ಅಂತಿದ್ರೆ ನಾನು ಒಣಗಿಸಕ್ಕೆ ತಗೊಳ್ಳಲ್ಲ. ಇದಕ್ಕಿಂತ ಮುಖ್ಯ, ನೂಲು ಸೀಳಿರಬೇಕು. ಒಂದೊಂದು ಎಳೇನೂ ಕಿತ್ತಳೆ ತೊಳೆ ಬಿಡಿಸಿದಂಗೆ ಸಣ್ಣ ತುಂಡಾಗಿ ಒಡೆದಿರತ್ತೆ, ಆ ಸಂದಿಗಳಲ್ಲೇ ನೀರು ನಿಲ್ಲೋದು. ಸೀಳಿಲ್ಲದ್ದು ನೀರನ್ನ ಹೀರಲ್ಲ, ಆ ಕಡೆಯಿಂದ ಈ ಕಡೆ ತಳ್ತಾ ಕೂರತ್ತೆ. ಅಂಗಡೀಲೇ ಗೊತ್ತಾಗತ್ತೆ, ಒಣ ಅಂಗೈ ಮೇಲೆ ಟವೆಲ್ ಸವರಿ ನೋಡಿ, ಚರ್ಮದ ಒರಟಿಗೆ ಚುರುಚುರು ಅಂತ ಹಿಡಿದ್ರೆ ಸೀಳಿದ ನೂಲು, ರೇಷ್ಮೆ ಥರ ಜಾರಿದ್ರೆ ಬೇಡ. ಮನೇಲಾದ್ರೆ ಅಡುಗೆಕಟ್ಟೆ ಮೇಲೆ ಒಂದು ಲೋಟ ನೀರು ಚೆಲ್ಲಿ ಎಳೆದು ನೋಡಿ. ಅಂಚು ನೈಲಾನ್ ದಾರದಲ್ಲಿ ಗಟ್ಟಿಯಾಗಿ ಹೊಲೆದಿದ್ರೆ ಅದೂ ಬೇಡ, ಬಟ್ಟೆ ಎಷ್ಟೇ ಮೆತ್ತಗಿದ್ರೂ ಗೀಚೋದು ಆ ಅಂಚೇ. ಬಟ್ಟೆಪಟ್ಟಿ ಮಡಚಿ ಹೊಲೆದಿರಬೇಕು, ಇಲ್ಲಾಂದ್ರೆ ಅಂಚೇ ಇಲ್ಲದ್ದು. ತೊಳೆಯೋ ಲೇಬಲ್ ಕತ್ತರಿಸಿ ಬಿಸಾಕಿ.

ಇನ್ನು ನೀರು. ಇದನ್ನ ಹೇಳದೆ ಟವೆಲ್ ಬಗ್ಗೆ ಮಾತಾಡೋದು ವೇಸ್ಟು, ಯಾಕಂದ್ರೆ ಬೆಂಗಳೂರಲ್ಲಿ ಕಾರ್ ಒಣಗಿಸೋದು ಹೊಳಪಿಗಲ್ಲ, ಕಲೆ ಬೀಳದೇ ಇರ್ಲಿ ಅಂತ. ನಮ್ಮದು ಬೋರ್‌ವೆಲ್ ಮತ್ತೆ ಟ್ಯಾಂಕರ್ ನೀರು. ಗಡಸು ನೀರು ಅಂದ್ರೆ ಕ್ಯಾಲ್ಸಿಯಂ ಮೆಗ್ನೀಷಿಯಂ, ಹನಿ ಒಣಗಿದ್ರೆ ನೀರು ಹೋಗತ್ತೆ, ಬಿಳಿ ಬಳೆ ಉಳಿಯತ್ತೆ. 2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5,000 ರೂಪಾಯಿ ದಂಡ ಅಂತು ನೋಡಿ, ಆಗ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಯಾರೋ ಐಡಿಯಾ ಕೊಟ್ರು, ಆರ್‌ಒ ಫಿಲ್ಟರಿನ ವೇಸ್ಟ್ ನೀರಲ್ಲಿ ತೊಳೀರಿ ಅಂತ. ನಾನೂ ಶಹಬ್ಬಾಸ್ ಅಂದ್ಕೊಂಡು ಎರಡು ಬಕೆಟ್ ಹಿಡಿದು ತೊಳೆದೆ. ಆರ್‌ಒ ಮಾಡೋ ಕೆಲಸವೇ ಉಪ್ಪಿನಂಶಾನೆಲ್ಲ ಆ ವೇಸ್ಟ್ ನೀರಿಗೆ ತಳ್ಳೋದು ಅಂತ ತಲೆಗೆ ಹೋಗಿರ್ಲಿಲ್ಲ. ಬಾನೆಟ್ ಒರೆಸಿ ಡೋರಿಗೆ ಬರೋಷ್ಟರಲ್ಲಿ ಡೋರೆಲ್ಲ ರಂಗೋಲಿ ಚುಕ್ಕಿ. ವಿನೆಗರ್‌ಗೆ ಸಮಸಮ ನೀರು ಬೆರೆಸಿ ಮೆತ್ತಗೆ ಒರೆಸಿ ತಕ್ಷಣ ತೊಳೆದ್ಮೇಲೆ ಮುಕ್ಕಾಲು ಹೋಯ್ತು, ಕಾಲು ಭಾಗ ಇನ್ನೂ ಇದೆ. ಆರ್‌ಒ ನೀರು ಬೇಕಾದ್ರೆ ಮ್ಯಾಟಿಗೆ, ಟೈರಿಗೆ ಹಾಕಿ. ಬೇಸಿಗೆಯಲ್ಲಿ ಮನೆ ಎಸಿ ಪೈಪಿಂದ ತೊಟ್ಟಿಕ್ಕೋ ನೀರು ಹಿಡಿದಿಟ್ಟು ನೋಡಿ, ಅದು ಗಾಳಿಯಲ್ಲಿನ ಆವಿ ತಣ್ಣಗಾಗಿ ಬಂದಿದ್ದು, ಲವಣ ಇಲ್ಲವೇ ಇಲ್ಲ ಅನ್ನಬಹುದು. ಕೊನೇ ಮಗ್ ಆ ನೀರು ಸುರಿದ್ರೆ ಟವೆಲ್ ಎರಡು ಹನಿ ಬಿಟ್ರೂ ಕಲೆ ಆಗಲ್ಲ. ಮಳೆಗಾಲದಲ್ಲಿ ಮಳೆನೀರು, ಅದಕ್ಕಿಂತ ಬೇಕಾ.

ಒರೆಸೋ ರೀತಿ ಬಗ್ಗೆ ಜಾಸ್ತಿ ಹೇಳಲ್ಲ. ನೆರಳಲ್ಲಿ, ಮೇಲಿಂದ ಕೆಳಗೆ, ಒತ್ತದೇ. ಹೊಸ ಟವೆಲ್ ಆದ್ರೆ ಒಂದ್ಸಲ ನೆನೆಸಿ ಹಿಂಡಿಕೊಂಡ್ರೆ ಹೀರೋದು ಚುರುಕು. ಡೋರಿನ ಕೆಳಗಿನ ಗೇಣು ಭಾಗಕ್ಕೆ ಬೇರೆ ಹಳೇ ಟವೆಲ್, ಎಷ್ಟು ತೊಳೆದ್ರೂ ಅಲ್ಲಿ ಕೆಸರು ಉಳಿದಿರತ್ತೆ. ಸೈಡ್ ಮಿರರ್ ಮಾತ್ರ ಹತ್ತು ನಿಮಿಷ ಆದ್ಮೇಲೂ ಅಳ್ತಾ ಇರತ್ತೆ, ಅದರ ಸಂದಿಗೆ ಒಂದು ಸಣ್ಣ ಬಟ್ಟೆ ಸಿಕ್ಕಿಸಿ ಮೇಲೆ ಹೋಗಿ ತಿಂಡಿ ತಿನ್ಕೊಂಡು ಬನ್ನಿ.

ನನ್ನ ಅನುಭವದಲ್ಲಿ ಟವೆಲ್ ಕಾರ್ ಒರೆಸಿ ಹಾಳಾಗಲ್ಲ, ವಾಷಿಂಗ್ ಮೆಷಿನಲ್ಲಿ ಹಾಳಾಗತ್ತೆ. ಹೋದ ವರ್ಷ ನಾನು ಆಫೀಸಿಗೆ ಹೋದಾಗ ಅಮ್ಮ ಪಾಪ ಒಳ್ಳೇ ಮನಸ್ಸಲ್ಲಿ ನನ್ನ ಟ್ವಿಸ್ಟ್ ಲೂಪ್‌ನ ಸ್ನಾನದ ಟವೆಲ್ ಜೊತೆ ಹಾಕಿ, ಘಮಘಮ ಅನ್ಲಿ ಅಂತ ಎರಡು ಮುಚ್ಚಳ ಫ್ಯಾಬ್ರಿಕ್ ಕಂಡೀಷನರ್ ಬೇರೆ ಸುರಿದಿದ್ರು. ಭಾನುವಾರ ಬಾನೆಟ್ ಮೇಲೆ ಎಳೆದ್ರೆ ನೀರು ಹಾಗೇ ನಿಂತಿದೆ, ಮೇಲೆ ಬಿಳಿ ಹತ್ತಿಜುಂಗು, ಕಪ್ಪು ಕಾರು ತಲೆಹೊಟ್ಟು ಬಂದಂಗೆ ಕಾಣ್ತಿತ್ತು. ಕಂಡೀಷನರ್ ಎಳೆಗಳ ಮೇಲೆ ಜಿಡ್ಡಿನ ಪದರ ಕೂರಿಸಿ ಆ ಸೀಳನ್ನೆಲ್ಲ ಮುಚ್ಚಿಬಿಡತ್ತೆ. ಅಮ್ಮಂಗೆ ಏನಂತ ಹೇಳೋದು, "ವಾಸನೆ ಚೆನ್ನಾಗಿದೆ ಅಲ್ವೇನೋ" ಅಂತ ಕೇಳಿದ್ರು, ಹೂಂ ಅಂದೆ. ಗೋಬಿ ಮಂಚೂರಿಗೆ ತಂದಿಟ್ಟಿದ್ದ ವಿನೆಗರ್ ಒಂದು ಕಪ್ ಉಗುರುಬೆಚ್ಚಗಿನ ನೀರಿಗೆ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಲಿಕ್ವಿಡ್ ಡಿಟರ್ಜೆಂಟಲ್ಲಿ ಎರಡು ಸಲ ಒಗೆದ ಮೇಲೆ ದಾರಿಗೆ ಬಂತು, ಪೂರ್ತಿ ಮೊದಲಿನಂಗೆ ಅಲ್ಲ, ಒಂದು ತೊಂಬತ್ತು ಪರ್ಸೆಂಟ್. ಈಗ ಬೇರೆ ಬಕೆಟ್ಟು, ಬೇರೆ ವಾಷು, ಲಿಕ್ವಿಡ್ ಡಿಟರ್ಜೆಂಟ್ ಅರ್ಧ ಮುಚ್ಚಳ. ಕುದಿಯೋ ನೀರು ಬೇಡ, ಬ್ಲೀಚ್ ಬೇಡ, ಇಸ್ತ್ರಿಯಂತೂ ಬೇಡವೇ ಬೇಡ, ಪ್ಲಾಸ್ಟಿಕ್ ಜಾತಿ ಬಟ್ಟೆ ಅದು, ಬಿಸಿಗೆ ಮುದುಡತ್ತೆ. ಒಣಗಿದ ಮೇಲೆ ಜಿಪ್ ಕವರಲ್ಲಿ, ಡಿಕ್ಕೀಲಿ ಸುಮ್ಮನೆ ಬಿಸಾಕಿದ್ರೆ ಮುಂದಿನ ವಾರ ಧೂಳಿನಿಂದಲೇ ಕಾರ್ ಒರೆಸ್ತೀರ.

ಟ್ವಿಸ್ಟ್ ಲೂಪ್ ಒಂದಕ್ಕೆ ನಾನು ಕೊಟ್ಟಿದ್ದು 450 ರೂಪಾಯಿ, ಎರಡು ವರ್ಷ ಆಯ್ತು, ವಾರಕ್ಕೊಂದ್ಸಲ ಅಂದ್ರೂ ನೂರು ಸಲ ಒರೆಸಿದೆ. ಬಣ್ಣ ಮಾಸಿದೆ, ಒಂದು ಮೂಲೇಲಿ ಹೋದ ಆಯುಧಪೂಜೇಲಿ ಬಾನೆಟ್ಟಿಗಿಟ್ಟ ಅರಿಶಿನ ಕುಂಕುಮ ಒರೆಸಿದ ಕಲೆ ಹಾಗೇ ಉಳಿದಿದೆ, ಅದು ಈ ಜನ್ಮದಲ್ಲಿ ಹೋಗಲ್ಲ. ಪೂಜೆಗೆ ಹಳೇ ಬಟ್ಟೆ ಇಟ್ಕೊಳ್ಳಿ. ಇನ್ನೊಂದು ವರ್ಷ ಬಂದ್ರೆ ಸಾಕು, ಆಮೇಲೆ ಇಂಥದ್ದೇ ಇನ್ನೊಂದು ತಗೊಳ್ತೀನಿ.

ಆ 1200 ಜಿಎಸ್ಎಂ ಎಲ್ಲಿ ಹೋಯ್ತು ಅಂತ ಕೇಳಿದ್ರೆ, ಅಪ್ಪ ತಿಪಟೂರಿಗೆ ತಗೊಂಡು ಹೋದ್ರು. ಹೋದ ತಿಂಗಳು ಊರಿಗೆ ಹೋದಾಗ ನೋಡ್ದೆ, ನಾಲ್ಕು ಮಡಿಕೆ ಮಾಡಿ ವೆಟ್ ಗ್ರೈಂಡರ್ ಅಡಿಗೆ ಹಾಸಿದಾರೆ. ಈಗ ರುಬ್ಬೋವಾಗ ಸದ್ದೇ ಬರಲ್ಲ ಕಣೋ, ಎಂಟ್ನೂರು ಕೊಟ್ಟಿದ್ದಕ್ಕೆ ಮೋಸ ಇಲ್ಲ ಅಂದ್ರು.