ಅಗತ್ತಿಯ ಕಡಲತಡಿ ಹೋಂಸ್ಟೇ: ಎಸಿ ರೂಮು ಬೇಡ, ಹಳೆ ರೂಮು ಕೇಳಿ

ಲಕ್ಷದ್ವೀಪದ ಅಗತ್ತಿಯಲ್ಲಿ ಲಗೂನಿಗೆ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲಿಗೆ, ಮುಖ ಮಾಡಿರುವ ಈ ಮನೆಗೆ ಕೆಲವು ವರ್ಷಗಳಿಂದ ಹೋಗಿಬರುತ್ತಿದ್ದೇನೆ. ಶುರುವಿನಲ್ಲಿ ಮನೆಗೆ ತಾಗಿಕೊಂಡೇ ಎರಡು ರೂಮು, ಫ್ಯಾನು, ಸೊಳ್ಳೆಪರದೆ, ಅಷ್ಟೇ. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಬಂದುಹೋದರು, ಅದೇ ವರ್ಷ ಬೆಂಗಳೂರಿನಿಂದ ನೇರ ವಿಮಾನವೂ ಶುರುವಾಯಿತು. ಆಮೇಲೆ ಜನ ಹೆಚ್ಚಾದರು. ಮನೆಯವರು ತೆಂಗಿನ ತೋಟದೊಳಗೆ ಇನ್ನೆರಡು ರೂಮು ಕಟ್ಟಿ ಎಸಿ ಹಾಕಿಸಿದ್ದಾರೆ. ಆ ರೂಮುಗಳಿಗೆ ಹಟ ಹಿಡಿಯಬೇಡಿ. ಉಪ್ಪುಗಾಳಿಗೆ ಎಸಿಯ ಹೊರಗಿನ ಯೂನಿಟ್ ಆಗಲೇ ತುಕ್ಕು ಹಿಡಿದು ಉದುರುತ್ತಿದೆ. ಕೆಟ್ಟರೆ ಬಿಡಿಭಾಗ ಕೊಚ್ಚಿಯಿಂದ ಬರುವವರೆಗೆ ಕಾಯಬೇಕು. ಹಳೆ ರೂಮಿನಲ್ಲಿ ಎರಡೂ ಕಿಟಕಿ ತೆರೆದಿಟ್ಟರೆ ರಾತ್ರಿ ಫ್ಯಾನೂ ಬೇಡ.

ಪರ್ಮಿಟ್ ವಿಷಯದಲ್ಲಿ ಮನೆಯ ಯಜಮಾನ ಇಕ್ಕನಿಗೆ ಪೂರ್ತಿ ಅಂಕ. ಲಕ್ಷದ್ವೀಪಕ್ಕೆ ಹೊರಗಿನವರು ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ, ಅನುಮತಿಯಲ್ಲಿ ಬರೆದಿರುವ ದ್ವೀಪಗಳಿಗೆ ಮಾತ್ರ ಹೋಗಬಹುದು. ಪ್ರತಿ ಸಲವೂ ಇವರೇ ಪ್ರಾಯೋಜಕರಾಗಿ ಕಾಗದಪತ್ರ ಮಾಡಿಸಿಕೊಟ್ಟಿದ್ದಾರೆ. ಹತ್ತಿರದ ಬಂಗಾರಂ, ತಿನ್ನಕರ ದ್ವೀಪಗಳಿಗೂ ಹೋಗುವ ಆಸೆ ಇದ್ದರೆ ಮೊದಲೇ ಹೇಳಿ.

ನೀರಿನ ಬಗ್ಗೆ ಆನ್‌ಲೈನಿನಲ್ಲಿ ಬೈದವರು ಬಹಳ ಮಂದಿ ಇದ್ದಾರೆ. ಸ್ನಾನದ ನೀರು ಸವಳು, ಸೋಪು ನೊರೆ ಬರುವುದಿಲ್ಲ, ನಿಜ. ಆದರೆ ಈ ಹವಳದ ದ್ವೀಪಗಳಲ್ಲಿ ನದಿಯಿಲ್ಲ, ತೊರೆಯಿಲ್ಲ. ನೆಲದಡಿ ಸಮುದ್ರದ ನೀರಿನ ಮೇಲೆ ಮಳೆನೀರಿನ ತೆಳು ಪದರ ತೇಲುತ್ತಿರುತ್ತದೆ. ಪಂಪು ಹಾಕಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಅರ್ಧ ಗಂಟೆ ಶವರ್ ಬಿಟ್ಟುಕೊಂಡರೆ ಅಜ್ಜಿ ಬಂದು ಬಾಗಿಲು ತಟ್ಟುತ್ತಾರೆ. ತಟ್ಟಲಿ ಬಿಡಿ, ಬಾವಿ ಅವರದು. ಕುಡಿಯುವುದಕ್ಕೆ ಛಾವಣಿಯಿಂದ ಹಿಡಿದ ಮಳೆನೀರು, ಕುದಿಸಿ ಆರಿಸಿ ಕೊಡುತ್ತಾರೆ. ನನಗೆ ಒಮ್ಮೆಯೂ ಹೊಟ್ಟೆ ಕೆಟ್ಟಿಲ್ಲ.

ಇನ್ನು ಊಟ. ನಾನು ಮತ್ತೆ ಮತ್ತೆ ಹೋಗುವುದೇ ಅದಕ್ಕೆ. ಇಕ್ಕನ ಅಣ್ಣ ಮೀನುಗಾರ. ಲಗೂನಿನಲ್ಲಿ ಸಣ್ಣ ಮೀನು ಹಿಡಿದು ಜೀವಂತ ಇಟ್ಟುಕೊಂಡು, ಆಳ ಕಡಲಿಗೆ ಹೋಗಿ ಅದನ್ನು ಎರಚಿ, ಮುತ್ತಿಕೊಂಡ ಟ್ಯೂನಾಗಳನ್ನು ಗಾಳದ ಕೋಲಿನಿಂದ ಒಂದೊಂದಾಗಿ ದೋಣಿಯೊಳಕ್ಕೆ ಎಸೆಯುವ ಕಸುಬು. ಅವರು ಬಂದ ಮೇಲೆಯೇ ರಾತ್ರಿಯ ಅಡುಗೆ ಏನೆಂದು ತೀರ್ಮಾನ. ಹಿತ್ತಲಲ್ಲಿ ಮಾಸ್, ಅಂದರೆ ಒಣ ಟ್ಯೂನಾ, ಮಾಡುವುದನ್ನು ನೋಡಲೇಬೇಕು: ಟ್ಯೂನಾವನ್ನು ಉದ್ದುದ್ದ ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ತೆಂಗಿನ ಸಿಪ್ಪೆಯ ಹೊಗೆಯಲ್ಲಿಟ್ಟು, ಆಮೇಲೆ ಬಿಸಿಲಿಗೆ ಹಾಕುತ್ತಾರೆ. ಒಣಗಿದ ತುಂಡು ಮರದ ಕೊರಡಿನ ಹಾಗೆ ಗಟ್ಟಿ. ಅದನ್ನು ಜಜ್ಜಿ ಹಸಿ ತೆಂಗಿನಕಾಯಿ, ಈರುಳ್ಳಿ ಜೊತೆ ಕಲಸಿ ಬೆಳಗಿನ ತಿಂಡಿಗೆ ಕೊಟ್ಟರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಕೇಳಿಕೊಂಡರೆ ಕಿಲಾಂಜಿಯೂ ಆಗುತ್ತದೆ, ಅಕ್ಕಿ ಮೊಟ್ಟೆಯ ತೆಳು ದೋಸೆ, ಬಾಳೆಹಣ್ಣು ಬೆಲ್ಲ ಹಾಕಿದ ಕಾಯಿಹಾಲಿನ ಜೊತೆ. ಸಸ್ಯಾಹಾರಿಗಳಿಗೆ ಕಷ್ಟವೇ. ತರಕಾರಿ ಹಡಗಿನಲ್ಲಿ ಬರಬೇಕು, ಹಡಗು ತಡವಾದರೆ ಬೇಳೆಸಾರು, ಕೋಸಿನ ಪಲ್ಯ, ಮತ್ತೆ ಬೇಳೆಸಾರು. ಮದ್ಯವಂತೂ ಕೇಳಲೇಬೇಡಿ, ಅಲ್ಲಿ ನಿಷೇಧವಿದೆ.

ನಾನು ಮಂಗಳೂರಿನವನು ಅಂದದ್ದಕ್ಕೆ ಮನೆಯ ಅಜ್ಜ ಕುರ್ಚಿ ಎಳೆದುಕೊಂಡು ಕೂತರು. ಪಕ್ಕದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಜ್ಜನಿಗೆ ಮಂಗಳೂರು ಬಂದರಿನ ಗಲ್ಲಿಗಳು ಈಗಲೂ ನೆನಪು. ಹೊಸ ರೂಮಿಗೆ ಹಾಕಿದ ಜಲ್ಲಿಯೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಮರದ ಸರಕು ಹಡಗಿನಲ್ಲಿ ಬಂದದ್ದಂತೆ. ಅಂತೂ ನಮ್ಮೂರ ಕಲ್ಲಿನ ಮೇಲೇ ಮಲಗಲು ಇಷ್ಟು ದುಡ್ಡು ಕೊಟ್ಟು ಹೋಗುತ್ತಿದ್ದೇನೆ!

ಮನೆಯೆದುರು ಸೊಂಟಮಟ್ಟದ ನೀರಿನಲ್ಲೇ ಹಸಿರು ಕಡಲಾಮೆಗಳು ಹುಲ್ಲು ಮೇಯುತ್ತಿರುತ್ತವೆ. ಸ್ನಾರ್ಕೆಲ್ ಹಾಕಿ ಸುಮ್ಮನೆ ತೇಲಿದರೆ ಪಕ್ಕದಲ್ಲೇ ಹಾದುಹೋಗುತ್ತವೆ. ನಾವು ಫೋಟೋ ತೆಗೆದು ಸಂಭ್ರಮಿಸುತ್ತೇವೆ, ಇಕ್ಕನ ಅಣ್ಣನಿಗೆ ಮಾತ್ರ ಅವುಗಳನ್ನು ಕಂಡರೆ ಸಿಟ್ಟು. ಆಮೆಗಳು ಕಡಲಹುಲ್ಲನ್ನೆಲ್ಲ ಬೋಳಿಸಿ ಲಗೂನಿನ ಮೀನು ಕಡಿಮೆಯಾಯಿತು ಎನ್ನುವುದು ಅವರ ವಾದ. ಹುಲ್ಲು ತೆಳುವಾಗಿರುವುದು ನನ್ನ ಕಣ್ಣಿಗೂ ಬಿದ್ದಿದೆ.

ದೂರು ಇಲ್ಲವೇ ಅಂದರೆ, ಇದೆ. ಕಳೆದ ಡಿಸೆಂಬರಿನಲ್ಲಿ ನನ್ನ ರೂಮನ್ನು ಬೇರೆಯವರಿಗೂ ಕೊಟ್ಟು, ನಾನು ಬಂದಿಳಿದ ಮೇಲೆ ನೆಂಟರ ಮನೆಗೆ ಸಾಗಹಾಕಿದರು. ಊಟಕ್ಕೆ ಇಲ್ಲಿಗೇ ನಡೆದು ಬರಬೇಕಾಯಿತು, ದರದಲ್ಲಿ ಒಂದು ರೂಪಾಯಿ ಇಳಿಸಲಿಲ್ಲ. ಬಂಗಾರಂ ದೋಣಿಗೆ ಮೊದಲು ಒಂದು ರೇಟು, ಹತ್ತುವಾಗ ಇನ್ನೊಂದು. ಈಗ ನಾನು ವಾಟ್ಸ್ಆ್ಯಪಿನಲ್ಲಿ ಬರೆಸಿಕೊಂಡೇ ಅಡ್ವಾನ್ಸ್ ಹಾಕುತ್ತೇನೆ. ನೀವೂ ಹಾಗೇ ಮಾಡಿ. ಈಜುಡುಗೆಯಲ್ಲಿ ಊರೊಳಗೆ ಓಡಾಡಿದರೆ ಮುಖ ಗಂಟಿಕ್ಕುತ್ತಾರೆ, ಅದು ಅವರ ತಪ್ಪಲ್ಲ.

ಸದ್ಯ ಒಬ್ಬರಿಗೆ ದಿನಕ್ಕೆ ಮೂರು ಸಾವಿರದ ಆಸುಪಾಸು, ಮೂರು ಹೊತ್ತಿನ ಊಟ ತಿಂಡಿ, ವಿಮಾನ ನಿಲ್ದಾಣದಿಂದ ಕರೆತರುವುದು ಸೇರಿ. ಐದಕ್ಕೆ ನಾಲ್ಕು ಸ್ಟಾರ್. ಜೂನ್‌ನಿಂದ ಆಗಸ್ಟ್‌ವರೆಗೆ ಹೋಗಬೇಡಿ, ಮಳೆಗಾಲದಲ್ಲಿ ದೋಣಿ ಕಟ್ಟಿಹಾಕಿರುತ್ತಾರೆ, ಅಣ್ಣ ಮನೆಯಲ್ಲೇ ಕೂತು ಕೇರಂ ಆಡುತ್ತಿರುತ್ತಾರೆ. ನೆಟ್‌ವರ್ಕ್ ನಂಬಿಕೊಂಡು ಬರಿಗೈಲಿ ಹೋಗದೆ ನಗದು ಇಟ್ಟುಕೊಳ್ಳಿ. ಅಜ್ಜನಿಗೆ ಮಂಗಳೂರಿನ ಹಲ್ವ ಒಯ್ದರೆ ಹಳೆ ರೂಮು ತಾನಾಗಿಯೇ ಸಿಗುತ್ತದೆ.